ಸೆಕ್ಯುರಿಟಿ ಟೀಮ್ ಹೊರಗುತ್ತಿಗೆಗೆ: ಹೊರಡುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಪ್ರಶ್ನೆ: ಬೆಂಗಳೂರಿನ ಕಂಪನಿ. ನಮ್ಮ ಎಸ್‌ಒಸಿ (ಸೈಬರ್ ದಾಳಿಗಳ ಮೇಲೆ ಕಣ್ಣಿಡುವ ಟೀಮ್) ಮುಚ್ಚಿ ಹೊರಗಿನವರಿಗೆ ಕೊಡ್ತಿದ್ದಾರೆ. ಸರ್ವಿಸ್ 6 ವರ್ಷ. ‘ನೀವೇ ರಾಜೀನಾಮೆ ಕೊಡಿ’ ಅಂತಿದ್ದಾರೆ ಎಚ್‌ಆರ್. ದುಡ್ಡಿನ ಲೆಕ್ಕ ಹೇಗೆ? ಹಸ್ತಾಂತರದಲ್ಲಿ ಯಾವುದು ತಪ್ಪಬಾರದು?

ಉತ್ತರ 1: ಅವಸರಕ್ಕೆ ಸಹಿ ಹಾಕಬೇಡಿ. ಸ್ವಇಚ್ಛೆಯಿಂದ ಬಿಟ್ಟೆ ಅಂತ ಬರೆದುಕೊಟ್ಟರೆ ಆಮೇಲೆ ಪರಿಹಾರ ಕೇಳೋದು ಕಷ್ಟ. ಕೆಲಸ ತೆಗೆಯುವ ಕಾರಣ, ನೋಟಿಸ್ ಸಂಬಳ, ಬಾಕಿ ರಜೆಯ ಹಣ ಎಲ್ಲ ಮೇಲ್‌ನಲ್ಲೇ ಬರಲಿ. ಗ್ರಾಚ್ಯುಟಿ ಹೇಗಿದ್ದರೂ ನಿಮ್ಮದೇ: ಲೆಕ್ಕಕ್ಕೆ ಹಿಡಿಯುವ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ, ಮತ್ತೆ ಸರ್ವಿಸ್ ವರ್ಷಗಳಿಂದ ಗುಣಿಸಿ. ವೇತನ 52,000 ಆದರೆ 1,80,000 ರೂಪಾಯಿ.

ಉತ್ತರ 2: ಅಲರ್ಟ್ ನೋಡೋದು ಬೇರೆ, ಕ್ರಮ ಕೈಗೊಳ್ಳೋದು ಬೇರೆ. ರಾತ್ರಿ ಎರಡಕ್ಕೆ ಹೊರಗಿನವರು ಟಿಕೆಟ್ ತೆರೀತಾರೆ, ಅಂದರೆ ಸಮಸ್ಯೆಯನ್ನು ದಾಖಲಿಸ್ತಾರೆ, ಅಷ್ಟೇ. ಸರ್ವರನ್ನು ನೆಟ್‌ವರ್ಕ್‌ನಿಂದ ಬಿಡಿಸೋಕೆ ಯಾರಿಗೆ ಅಧಿಕಾರ? ಹೆಸರು, ಫೋನ್ ನಂಬರ್ ಸಮೇತ ಬರೆಸಿ. ಸರ್ಟ್-ಇನ್‌ನ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) 2022ರ ನಿರ್ದೇಶನದಂತೆ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್ (ಸಿಸ್ಟಮ್‌ಗಳ ಚಟುವಟಿಕೆಯ ದಾಖಲೆ) 180 ದಿನ ಇಡಬೇಕು. ಗುತ್ತಿಗೆ ಕೊಟ್ಟರೂ ಹೊಣೆ ಕಂಪನಿಯದೇ.

ಹೆಚ್ಚು ಎಡವೋದು ವಿನಾಯಿತಿ ಪಟ್ಟಿಯಲ್ಲಿ, ಅಂದರೆ ಸಹಜ ಅಂತ ಅಲರ್ಟ್‌ನಿಂದ ಬಿಟ್ಟಿರುವ ಚಟುವಟಿಕೆಗಳ ಪಟ್ಟಿಯಲ್ಲಿ. ಬ್ಯಾಕಪ್ ಖಾತೆ ರಾತ್ರಿ ಹತ್ತಾರು ಸರ್ವರಿಗೆ ಲಾಗಿನ್ ಆಗೋದು ಸಹಜ ಅಂತ ನಿಮಗೆ ಗೊತ್ತು, ಹೊಸಬರಿಗೆ ಗೊತ್ತಿರಲ್ಲ. ಅಲರ್ಟ್‌ಗಳ ಗಲಾಟೆ ತಡೆಯಲಾರದೆ ಅವನ್ನು ಕೊಡುವ ಇಡೀ ರೂಲನ್ನೇ ಆಫ್ ಮಾಡಿಬಿಡ್ತಾರೆ. ಪ್ರತಿ ವಿನಾಯಿತಿಗೂ ಕಾರಣ ಬರೆದಿಡಿ.

ಉತ್ತರ 3: ನಿಮ್ಮ ಹೆಸರಿನ ಖಾತೆಯಲ್ಲಿ ಓಡುವ ಸ್ಕ್ರಿಪ್ಟ್‌ಗಳನ್ನು ಈಗಲೇ ಸರ್ವಿಸ್ ಖಾತೆಗೆ (ಯಾರ ಹೆಸರಿಗೂ ಇರದ, ಪ್ರೋಗ್ರಾಮ್‌ಗಳಿಗೆಂದೇ ಇರುವ ಖಾತೆ) ಬದಲಾಯಿಸಿ. ಇಲ್ಲದಿದ್ದರೆ ಖಾತೆ ಮುಚ್ಚಿದ ದಿನ ಲಾಗ್ ಸಂಗ್ರಹ ಸದ್ದಿಲ್ಲದೆ ನಿಲ್ಲುತ್ತೆ. ಸ್ಯಾಲರಿ ಸ್ಲಿಪ್, ಫಾರ್ಮ್ 16 ಇಳಿಸಿಕೊಳ್ಳಿ. ದಾಳಿ ಪತ್ತೆಹಚ್ಚುವ ಡಿಟೆಕ್ಷನ್ ರೂಲ್‌ಗಳನ್ನು ಮಾತ್ರ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ, ಅವು ಕಂಪನಿಯ ಸ್ವತ್ತು.