1766319049: 61ಕ್ಕೆ ಮಾತ್ರ ಏಕೆ ಇಷ್ಟು ದೊಡ್ಡ ಉತ್ತರ?

ಪ್ರಶ್ನೆ (ಪಿಯುಸಿ ವಿದ್ಯಾರ್ಥಿನಿ): ಒಂದು ಪೂರ್ಣಸಂಖ್ಯೆಯ ವರ್ಗದಿಂದ ಇನ್ನೊಂದು ಪೂರ್ಣಸಂಖ್ಯೆಯ ವರ್ಗದ 61 ಪಟ್ಟನ್ನು ಕಳೆದರೆ 1 ಉಳಿಯಬೇಕು. ಸೊನ್ನೆಯನ್ನು ಬಿಟ್ಟರೆ ಇದಕ್ಕೆ ಅತಿ ಚಿಕ್ಕ ಉತ್ತರವೇ 1766319049 ಮತ್ತು 226153980 ಎಂದು ಓದಿದೆ. 60ಕ್ಕಾದರೆ 31 ಮತ್ತು 4 ಸಾಕು, 62ಕ್ಕೆ 63 ಮತ್ತು 8 ಸಾಕು. ನಡುವಿನ 61ಕ್ಕೆ ಏನಾಗಿದೆ? ಸ್ಪ್ರೆಡ್‌ಶೀಟ್‌ನಲ್ಲಿ ತಾಳೆ ನೋಡಿದರೆ 1ರ ಬದಲು 0 ಬರುತ್ತಿದೆ.

ಉತ್ತರ 1: ಸ್ಪ್ರೆಡ್‌ಶೀಟ್ ಸುಮಾರು 15 ಅಂಕಿಗಳನ್ನಷ್ಟೇ ನಿಖರವಾಗಿ ಹಿಡಿದಿಡುತ್ತದೆ. ಇಲ್ಲಿ ಬರುವುದು 19 ಅಂಕಿ: 3119882982860264401 ಮತ್ತು 3119882982860264400. ಕೊನೆಯ ಒಂದು ಅದಕ್ಕೆ ಕಾಣುವುದೇ ಇಲ್ಲ. ಪೈಥಾನ್‌ನಲ್ಲಿ ಮಾಡಿ, ಸರಿಯಾಗಿ ಬರುತ್ತದೆ.

ಉತ್ತರ 2 (ನಿವೃತ್ತ ಗಣಿತ ಶಿಕ್ಷಕಿ): ಯಂತ್ರ ಬೇಡ, ಪೆನ್ಸಿಲ್ ತೆಗೆದುಕೊಳ್ಳಿ. ಭಾಸ್ಕರಾಚಾರ್ಯರು 1150ರ ‘ಬೀಜಗಣಿತ’ ಗ್ರಂಥದಲ್ಲಿ ಚಕ್ರವಾಲ ವಿಧಾನದಿಂದ (ಒಂದೇ ಬಗೆಯ ಹೆಜ್ಜೆಯನ್ನು ಚಕ್ರದಂತೆ ಮತ್ತೆ ಮತ್ತೆ ಹಾಕುವುದು) ಇದೇ ಉತ್ತರವನ್ನು ಕೊಟ್ಟಿದ್ದಾರೆ. ಫ್ರಾನ್ಸಿನಲ್ಲಿ ಗಣಿತಜ್ಞ ಫರ್ಮಾ ಇದೇ 61ನ್ನು ಸವಾಲಾಗಿ ಒಡ್ಡಿದ್ದು 1657ರಲ್ಲಿ.

8, 1 ಎಂಬ ಜೋಡಿಯಿಂದ ಹೊರಡಿ: 8ರ ವರ್ಗ 64, ಅದರಿಂದ 1ರ ವರ್ಗದ 61 ಪಟ್ಟು ಕಳೆದರೆ ಉಳಿಯುವುದು 3; ಹೀಗೆ ಉಳಿಯುವುದಕ್ಕೆ ಕ್ಷೇಪ ಎನ್ನುತ್ತಾರೆ. ಈಗ 8ಕ್ಕೆ ಕೂಡಿಸಿದರೆ 3ರಿಂದ ಭಾಗವಾಗುವ, ವರ್ಗ 61ಕ್ಕೆ ಹತ್ತಿರವಿರುವ ಸಂಖ್ಯೆ ಬೇಕು. ಅದು 7. (8×7+61)÷3 = 39, (8+7)÷3 = 5. ತಾಳೆ ನೋಡಿ: 1521 − 61×25 = −4. ಕ್ಷೇಪ ನಾಲ್ಕಕ್ಕೆ ಬಂದರೆ ಬ್ರಹ್ಮಗುಪ್ತನ ‘ಭಾವನೆ’, ಅಂದರೆ ಎರಡು ಜೋಡಿಗಳನ್ನು ಸೇರಿಸಿ ಹೊಸ ಜೋಡಿ ಪಡೆಯುವ ವಿಧಾನ, ನೇರ ದಾರಿ ತೋರಿಸುತ್ತದೆ. 39, 5ನ್ನು ಅದರೊಂದಿಗೇ ಸೇರಿಸಿದರೆ 39×39+61×5×5 = 3046, 39×5+5×39 = 390; ಎರಡನ್ನೂ ಅರ್ಧ ಮಾಡಿದರೆ 1523, 195, ಕ್ಷೇಪ +4. ಇದಕ್ಕೆ ಮತ್ತೆ 39, 5ನ್ನು ಹಾಗೆಯೇ ಸೇರಿಸಿ ನಾಲ್ಕರಿಂದ ಭಾಗಿಸಿದರೆ 29718, 3805; ಕ್ಷೇಪ −1. ಇನ್ನೊಂದೇ ಹೆಜ್ಜೆ ಬಾಕಿ: ಈ ಜೋಡಿಯನ್ನು ಅದರೊಂದಿಗೇ ಸೇರಿಸುವುದು.

ನನಗೆ ತುಂಬ ಇಷ್ಟವಾಗುವುದು ಈ ಕೊನೆಯ ಹೆಜ್ಜೆ. 1766319049ರಲ್ಲಿ ಒಂದನ್ನು ಕಳೆಯಿರಿ: ಅದು 29718ರ ವರ್ಗದ ಸರಿಯಾಗಿ ಎರಡು ಪಟ್ಟು. ಒಂದನ್ನು ಕೂಡಿಸಿ: 3805ರ ವರ್ಗದ 122 ಪಟ್ಟು. ಹತ್ತು ಅಂಕಿಯ ಈ ಸಂಖ್ಯೆಯ ಎಡಬಲದಲ್ಲೇ ಅದು ಹುಟ್ಟಿದ ಬಗೆ ಬರೆದಿಟ್ಟಂತಿದೆ. ಇದನ್ನು 226153980ರಿಂದ ಭಾಗಿಸಿದರೆ 61ರ ವರ್ಗಮೂಲ ಎಷ್ಟು ಹತ್ತಿರ ಸಿಗುತ್ತದೆ ಗೊತ್ತೇ? ತಪ್ಪು 1ನ್ನು 10ರ 17ನೆಯ ಘಾತದಿಂದ ಭಾಗಿಸಿದ್ದಕ್ಕಿಂತಲೂ ಕಡಿಮೆ!

ಪ್ರಶ್ನೆ ಕೇಳಿದವರು: ಮೇಡಂ, ಹೆಜ್ಜೆಗಳನ್ನೆಲ್ಲ ಬರೆದು ನೋಡಿದೆ, ಬಂತು! ಆದರೆ 60, 62ಕ್ಕೆ ಏಕೆ ಅಷ್ಟು ಸುಲಭ?

ಉತ್ತರ 2: ವರ್ಗಮೂಲವನ್ನು ಸತತ ಭಿನ್ನರಾಶಿಯಾಗಿ (ಛೇದದೊಳಗೆ ಮತ್ತೆ ಮತ್ತೆ ಭಿನ್ನರಾಶಿ ಬರುವ ರೂಪ; ಅದರ ಪದಗಳು ಸುತ್ತುಸುತ್ತಾಗಿ ಮರುಕಳಿಸುತ್ತವೆ) ಬರೆದರೆ 60ಕ್ಕೂ 62ಕ್ಕೂ ನಾಲ್ಕೇ ಪದಗಳಿಗೆ ಸುತ್ತು ಮುಗಿಯುತ್ತದೆ. 61ರ ಸುತ್ತು 11 ಪದಗಳದ್ದು: 1, 4, 3, 1, 2, 2, 1, 3, 4, 1, 14. ಹನ್ನೊಂದು ಬೆಸ ಸಂಖ್ಯೆಯಾದ್ದರಿಂದ ಮೊದಲ ಸುತ್ತಿನ ಕೊನೆಗೆ −1 ಸಿಗುತ್ತದೆ, +1 ಬೇಕೆಂದರೆ ಎರಡನೆಯ ಸುತ್ತನ್ನೂ ಹಾಕಬೇಕು. ಒಂದೊಂದು ಪದಕ್ಕೂ ಸಂಖ್ಯೆ ಬೆಳೆಯುತ್ತಲೇ ಹೋಗುತ್ತದೆ.

ಫರ್ಮಾ 61ರ ಜೊತೆಗೆ 109ನ್ನೂ ಕೇಳಿದ್ದ. 10ರಿಂದ ಹೊರಡಿ, ಕ್ಷೇಪ −9. ಮುಂದೆ 8ನ್ನು ಆರಿಸಿದರೆ 21, 2 ಬರುತ್ತದೆ, ಕ್ಷೇಪ 5. ಅಲ್ಲಿಂದ ನೀವು ಮುಂದುವರಿಸಿ. ಉತ್ತರದಲ್ಲಿ ದೊಡ್ಡ ಸಂಖ್ಯೆ 15 ಅಂಕಿಯದು. ಬರೀ ಉತ್ತರ ಬೇಡ, ಹೆಜ್ಜೆಗಳನ್ನೂ ಇಲ್ಲಿ ಹಾಕಿ, ನೋಡುತ್ತೇನೆ.