ಸಹಾಯ ಬೇಕು: ಹೊಸದಾಗಿ ಕ್ಯಾನ್ಸರ್ ಗೊತ್ತಾದ ದಂಪತಿಗಳ ಜೊತೆ ಮಾತಾಡೋರು

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಸುತ್ತಮುತ್ತ, ಹೊಸೂರು ರಸ್ತೆ ಕಡೆ ಇರೋ ಆಪ್ತ ಸಮಾಲೋಚಕರು ಶನಿವಾರ ಎರಡು ಗಂಟೆ ಕೊಡ್ತೀರಾ? ಕನ್ನಡ ಚೆನ್ನಾಗಿ ಬರಬೇಕು.

ಬಯಾಪ್ಸಿ ರಿಪೋರ್ಟ್ ಬಂದು ಚಿಕಿತ್ಸೆ ಶುರುವಾಗೋ ತನಕದ ದಿನಗಳಲ್ಲೇ ಎಷ್ಟೋ ಮನೆಗಳಲ್ಲಿ ಮಾತು ನಿಲ್ಲೋದು. ಒಬ್ಬರು "ಏನೂ ಆಗಲ್ಲ ಬಿಡು" ಅಂದ ತಕ್ಷಣ ಇನ್ನೊಬ್ಬರು ಭಯ ನುಂಗಿಕೊಳ್ತಾರೆ.

ಇಬ್ಬರನ್ನೂ ಬೇರೆಬೇರೆ ಕೂರಿಸಿ, 0ಯಿಂದ 10ರ ಮನಸ್ಸಿನ ಸಂಕಟದ ಅಳತೆಪಟ್ಟಿಯಲ್ಲಿ (0 ಅಂದ್ರೆ ಸಂಕಟವೇ ಇಲ್ಲ, 10 ಅಂದ್ರೆ ತುಂಬಾ ಹೆಚ್ಚು) ಗುರುತು ಹಾಕಿಸಬೇಕು. ಒಟ್ಟಿಗೆ ಕೂತರೆ ಇಬ್ಬರೂ 2 ಅಂತಾರೆ, ನಂಬಬೇಡಿ! 4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ ಕೊಡ್ತಿರೋ ಡಾಕ್ಟರ್‌ಗೆ ತಿಳಿಸಿ. ಆಮೇಲೆ ದಿನಾ 20 ನಿಮಿಷ ಮಾತಾಡೋ ಅಭ್ಯಾಸ ಹೇಳಿಕೊಡಿ: ಒಬ್ಬರು ಹೇಳೋದು, ಇನ್ನೊಬ್ಬರು ಸಲಹೆ ಕೊಡದೆ ಕೇಳೋದು. ಆ ಹೊತ್ತಲ್ಲಿ ಸ್ಕ್ಯಾನು, ಖರ್ಚಿನ ಮಾತು ಎತ್ತೋ ಹಾಗಿಲ್ಲ. ನೆಂಟರ ಫೋನಿಗೆ ಉತ್ತರ ಕೊಡೋಕೆ ಮೂರನೆಯವರೊಬ್ಬರನ್ನ ಗೊತ್ತು ಮಾಡಿಸಿ.

ಯಾರಾದರೂ ಸಾಯಬೇಕು ಅನ್ನೋ ಮಾತಾಡಿದರೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ.

ಬರೋರು ಮೆಸೇಜ್ ಹಾಕಿ.