ಅಪ್‌ಡೇಟ್: ಪ್ರಾಜೆಕ್ಟ್ ಮುಗಿಯಿತು, ಗ್ರೂಪ್ ಇನ್ನೂ ಜೀವಂತ!

ಜಪಾನ್, ಜರ್ಮನಿ, ಬ್ರೆಜಿಲ್‌ನ ಮೂವರ ಜೊತೆ ಆನ್‌ಲೈನ್ ಪ್ರಾಜೆಕ್ಟ್ ಮಾಡ್ತಿದ್ದೇನೆ, ಕೆಲಸ ಬಿಟ್ಟರೆ ಬೇರೆ ಮಾತೇ ಇಲ್ಲ, ಸ್ನೇಹ ಬೆಳೆಯೋದು ಹೇಗೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಕ್ವಿಜ್ ಆಡಿಸುವ ಸಲಹೆ ಫಲಿಸಲಿಲ್ಲ. ಇಂಗ್ಲಿಷ್‌ನಲ್ಲಿ ಥಟ್ಟನೆ ಉತ್ತರಿಸಬೇಕಾದಾಗ ಜಪಾನಿನ ಹುಡುಗಿ ಇನ್ನಷ್ಟು ಮೌನವಾದಳು. ಕೈಹಿಡಿದದ್ದು ವಾಯ್ಸ್ ಮೆಸೇಜ್ ಸಲಹೆ. ನಾನು ಮೊದಲು ಕಳಿಸಿದ್ದು ಅಮ್ಮ ಒಗ್ಗರಣೆ ಹಾಕುವಾಗ ಸಾಸಿವೆ ಚಟಪಟ ಸಿಡಿಯುವ ಸದ್ದು. ಮರುದಿನ ಅವಳಿಂದ ಎರಡು ನಿಮಿಷದ ಉತ್ತರ, ಅಜ್ಜಿ ಮಾಡುವ ಮಿಸೊ ಸೂಪ್ ಬಗ್ಗೆ! ಅವಳು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಎಷ್ಟು ಖುಷಿಯಾಯಿತು ಗೊತ್ತಾ?

ಆಮೇಲೆ ಇನ್ನೊಂದು ವಿಷಯ ತಿಳಿಯಿತು. ನಮ್ಮ ರಾತ್ರಿ 8ರ ಮೀಟಿಂಗ್ ಅವಳಿಗೆ ರಾತ್ರಿ 11:30. ಪಾಪ, ನಿದ್ದೆಗಣ್ಣಲ್ಲಿ ಕೂತಿರುತ್ತಿದ್ದಳು, ಒಮ್ಮೆಯೂ ಹೇಳಿರಲಿಲ್ಲ. ನಾನು ಮೊದಲೇ ಕೇಳಬೇಕಿತ್ತು, ಅಲ್ವಾ? ಸಂಜೆ 5ಕ್ಕೆ ಬದಲಿಸಿದೆವು. ಆಗ ಟೋಕಿಯೊದಲ್ಲಿ ರಾತ್ರಿ 8:30, ಸಾವೊ ಪಾಲೊದಲ್ಲಿ ಬೆಳಿಗ್ಗೆ 8:30. ಜರ್ಮನಿಯವರಿದ್ದರೆ ನೆನಪಿಡಿ: ಅಕ್ಟೋಬರ್ ಕೊನೆಯ ಭಾನುವಾರ ಅವರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ.

ಶುಕ್ರವಾರ ಪ್ರಾಜೆಕ್ಟ್ ಒಪ್ಪಿಸಿದೆವು. ನಿನ್ನೆ ಬ್ರೆಜಿಲ್ ಗೆಳೆಯ ಒಗ್ಗರಣೆಗೆ ಏನೇನು ಹಾಕ್ತೀರಿ ಅಂತ ಕೇಳಿದ್ದಾನೆ. ಅಮ್ಮನೇ ಉತ್ತರ ರೆಕಾರ್ಡ್ ಮಾಡ್ತಿದ್ದಾರೆ.